ಸ್ಪ್ರಾಕೆಟ್ ಹಲ್ಲಿನ ಕೆಂಪು ಚುಕ್ಕೆ

ದೀಪ ಸಣ್ಣ ಮಾಡಿ, ಹೇಳ್ತೀನಿ. ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನನ್ನ ಚಿಕ್ಕಮ್ಮನ ಕಿರಿಮಗನಿಗೇ ಆದದ್ದು.

ಅಣ್ಣ ತಮ್ಮ ಇಬ್ಬರೂ ಮೋಟಾರ್ ಶಟರ್ ರಿಪೇರಿ ಮಾಡೋರು. ಗುಂಡಿ ಒತ್ತಿದ್ರೆ ಸುತ್ತಿಕೊಂಡು ಮೇಲೆ ಹೋಗುತ್ತಲ್ಲ, ಅಂಗಡಿ ಬಾಗಿಲು, ಅದು. ಮೋಟಾರಿಂದ ಚೈನು, ಚೈನು ಕೂರೋಕೆ ಹಲ್ಲಿನ ಚಕ್ರ, ಅದೇ ಸ್ಪ್ರಾಕೆಟ್. ಅಣ್ಣಂದು ಒಂದೇ ಹಟ... ಹೊಸ ಚೈನಿಗೆ ಹೊಸ ಸ್ಪ್ರಾಕೆಟ್ಟೇ ಆಗಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ನಿಲ್ಲಲ್ಲ, ಜಾರುತ್ತೆ. ಕೆಲಸ ತನ್ನ ಮನಸ್ಸಿಗೆ ಬಂದ ಮೇಲೆ ಹೆಂಡತಿಯ ನೇಲ್‌ಪಾಲಿಶ್‌ನಲ್ಲಿ ಒಂದು ಹಲ್ಲಿಗೆ ಕೆಂಪು ಚುಕ್ಕೆ ಇಡೋನು. 'ನನ್ನ ಉಗುರಿಗಿಂತ ಶಟರಿಗೇ ಸಿಂಗಾರ ಜಾಸ್ತಿ' ಅಂತ ಅವಳು ರೇಗಿಸೋಳು.

ಅವತ್ತು ಒಂದು ಟೈರ್ ಗೋದಾಮಿನ ಕೆಲಸ. ಹಳೇ ಸ್ಪ್ರಾಕೆಟ್ ತುಕ್ಕು ಹಿಡಿದು ಶಾಫ್ಟಿಗೆ ಕಚ್ಚಿಕೊಂಡಿತ್ತು. ತಮ್ಮ ಬಡಿದ, ಬಡಿದ... ಬರಲಿಲ್ಲ. ಸಾಕಾಗಿ, ಚೈನೊಂದೇ ಬದಲಾಯಿಸಿ ಏಣಿ ಇಳಿದ. 'ಎರಡೂ ಹೊಸದು ಹಾಕ್ದೆ ಅಣ್ಣ.' ಅಣ್ಣನಿಗೆ ಮಂಡಿನೋವು. ಏಣಿ ಹತ್ತದೆ, ತಮ್ಮನ ಮಾತು ನಂಬಿ, ಕೆಳಗಿನ ಬೀಗ ನೋಡೋಕೆ ಶಟರಿನ ಅಡಿ ಕೂತ.

ಚೈನು ಜಾರ್ತು.

ಎಲ್ಲರೂ ಸತ್ತವನನ್ನೇ ಬೈದ್ರು... ಅಷ್ಟು ಅನುಭವ ಇರೋನು ಶಟರ್ ಅಡಿ ಕೂರ್ತಾನಾ ಅಂತ. ತಮ್ಮ ಬಾಯಿ ಬಿಡಲಿಲ್ಲ. ಅತ್ತಿಗೆಗೆ ಅಳುವೂ ಬರಲಿಲ್ಲ, ಗಂಡನ ಮೇಲೆ ಬರೀ ಸಿಟ್ಟು. 'ಕೂರೋ ಮುಂಚೆ ನನ್ನ ನೆನಪಾಗ್ಲಿಲ್ವಾ ಅವರಿಗೆ?' ಅಂತಿದ್ಲು. ಅದು ಕೇಳಿದಾಗೆಲ್ಲ ಇವನು ಎದ್ದು ಹೊರಗೆ ಹೋಗಿಬಿಡೋನು.

ವರ್ಷ ಕಳೀತು. ಒಂದು ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗಿಸಿ, ಹಳೇ ಬಾವಿ ದಾಟಿ ಬರ್ತಿದ್ದ. ಬಾವಿ ಪಕ್ಕದಲ್ಲೇ ಆ ಗೋದಾಮು. ಅಣ್ಣ ಹೋದ ದಿನದಿಂದ ಮುಚ್ಚಿದ್ದು, ಕರೆಂಟೂ ಕಿತ್ತಿದ್ರು. ಆದ್ರೆ ಒಳಗಿಂದ ಸದ್ದು... ಕರ್ರ್... ಕರ್ರ್... ಟಕ್. ಮತ್ತೆ... ಕರ್ರ್... ಕರ್ರ್... ಟಕ್. ಸವೆದ ಹಲ್ಲು ಚೈನ್ ಬಿಡೋ ಸದ್ದು. ಅವನಿಗೆ ಗೊತ್ತಾಗಲ್ವಾ?

ಶಟರು ಸೊಂಟದೆತ್ತರ ಮೇಲೆ ಹೋಗಿತ್ತು. ಅದರಡಿ ಕತ್ತಲಲ್ಲಿ ಯಾರೋ ಕುಕ್ಕರುಗಾಲಲ್ಲಿ ಕೂತಿದ್ರು.

'ಹೊಸದು ಹಾಕಿದ್ಯೇನೋ?' ಪಿಸುದನಿ... ಅಣ್ಣಂದೇ.

'ಹೂಂ... ಅಣ್ಣ.'

ಟಕ್.

'ಹಾಕಿದ್ಯೇನೋ?'

'...ಇಲ್ಲ ಅಣ್ಣ. ಹಳೇದೇ.'

ಸದ್ದು ನಿಂತಿತು.

'ಅವಳಿಗೆ ಹೇಳು... ನನ್ನ ಮೇಲೆ ಸಿಟ್ಟು ಮಾಡ್ಕೊಂಡೇ ಕೂತಿದಾಳೆ.'

ಇವನು ಓಡಲಿಲ್ಲ. ಅಳ್ತಾ ನಡ್ಕೊಂಡೇ ಹೋಗಿ ಅತ್ತಿಗೆ ಬಾಗಿಲು ತಟ್ಟಿದ. ಹೊಸ್ತಿಲಲ್ಲೇ ಕುಸಿದು ಎಲ್ಲ ಹೇಳಿದ. ಅವಳು ಬೈಯಲಿಲ್ಲ. 'ಹಾಗಾದ್ರೆ ಅವರು ನಿನ್ನ ನಂಬಿ ಕೂತ್ರು' ಅಂದ್ಲು, ಅಷ್ಟೇ. ವರ್ಷದಿಂದ ಬಾರದ ಅಳು ಅವಳಿಗೆ ಆಗ ಬಂತು. ಪಾಪ, ಬೆಳಗಿನ ಜಾವದ ತನಕ ಅತ್ಲು.

ಆಮೇಲೆ ಕಣ್ಣೊರೆಸಿಕೊಂಡು, ಇವನ ಕೈ ಹಿಡಿದು ನೋಡಿದ್ಲು. ಹೆಬ್ಬೆರಳ ಉಗುರಿನ ಮೇಲೆ ಕೆಂಪು ಚುಕ್ಕೆ. ಕರ್ಚೀಫಲ್ಲಿ ಒರೆಸಿದ್ಲು... ಅಂಟ್ಕೊಳ್ತು. ಇನ್ನೂ ಹಸಿ. ನೇಲ್‌ಪಾಲಿಶ್ ಶೀಶೆ ಅವಳ ಬೀರುವಿನಲ್ಲೇ ಇತ್ತು, ಯಾವತ್ತೋ ಒಣಗಿ ಗಟ್ಟಿಯಾಗಿತ್ತು.

ನೀವು ನಂಬಿ, ಬಿಡಿ. ಆ ಕರ್ಚೀಫು ನಾನೇ ಈ ಕೈಯಲ್ಲಿ ಒಗೆದಿದೀನಿ. ಚುಕ್ಕೆ ಹೋಗಿಲ್ಲ.