ಅಕ್ಕನ ಆಸರೆ

ಗಂಡ ತೀರಿಕೊಂಡ ಮೇಲೆ ಯಾದಗಿರಿ ಹತ್ತಿರದ ಹತ್ತಿಕುಣಿಯ ತವರು ಸೇರಿದ್ದ ಮೋನಮ್ಮ, ಕೂಸನ್ನೆತ್ತಿಕೊಂಡು ಶಹಾಪುರದಲ್ಲಿ ಸುರಪುರದ ಬಸ್ಸಿಗೆ ಕಾಯುತ್ತಿದ್ದಳು. ಈ ಕೂಸಿಗೂ ಪಾಲಿದ್ದ ಗಂಡನ ಹೊಲಕ್ಕೆ ಕಾಲುವೆ ನೀರು ಬಂದಿದ್ದೇ ತಡ, ಮಕ್ಕಳಿಲ್ಲದ ಹಿರಿಯ ಸವತಿ ಬಾ ಎಂದು ಹೇಳಿಕಳಿಸಿದ್ದಳು. ಪಕ್ಕದಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಪರೀಕ್ಷೆಗೆ ಓದುತ್ತಿದ್ದರು.

"ಮೇರಿ ರಾಣಿ ತನ್ನ ರಾಜ್ಯ ಬಿಟ್ಟು ಇಂಗ್ಲೆಂಡಿಗಿ ಯಾಕ ಹೋದ್ಳು?"

"ಅಲ್ಲಿ ರಾಣಿ ಎಲಿಜಬೆತ್ ಅಕ್ಕ ಆಗಬೇಕು. ಆಸರ ಕೊಡ್ತಾಳಂತ ನಂಬಿದ್ಳು."

"ಕೊಟ್ಳೇನು?"

"ವರ್ಷಗಟ್ಟಲೆ ಕೂಡಿಹಾಕಿ, ಕಡೀಕ ತಲಿ ತೆಗಿಸಿದ್ಳು."

"ಯಾಕ?"

"ಮೇರಿಗೂ ಪಟ್ಟದ ಹಕ್ಕಿತ್ತಲ್ಲ. ಆಕಿ ಇರೋತನಕ ಈಕಿಗಿ ನಿದ್ದಿ ಹತ್ತವಲ್ದು."

"ಮೇರಿಗಿ ಮಗ ಇದ್ನಲ್ಲ, ಅವ ಏನಾದ?"

"ಎಲಿಜಬೆತ್‌ಗ ಮಕ್ಕಳಿಲ್ಲ. ಆಕಿ ಸತ್ತಮ್ಯಾಲ ಪಟ್ಟ ಅವಗೇ ಬಂತು."

ಮೋನಮ್ಮ ಹುಡುಗಿಯರತ್ತ ತಿರುಗಿದಳು. "ಆ ತಾಯಿ ತನ್ನ ಮಗನ ಮಾರಿ ಮತ್ತ ನೋಡಿದ್ಳೇನವ್ವ?"

"ಇಲ್ರಿ."

ಹುಡುಗಿಯರು ಎದ್ದು ಯಾದಗಿರಿಯ ಬಸ್ಸು ಹತ್ತಿದರು. ಸುರಪುರದ ಬಸ್ಸೂ ಬಂದು ನಿಂತಿತು. ಮೋನಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, ತವರಿಗೆ ಮರಳಲು ಹುಡುಗಿಯರ ಹಿಂದೆಯೇ ಓಡಿದಳು.