ಮಂಡಿ ನನ್ನದು, ಸೊಂಟ ಅವಳದು

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಮೂಳೆ ಡಾಕ್ಟರೇ, ಕಾಲು ಚಾಚಲು ಜಾಗ ಸಿಗದೆ ಒದ್ದಾಡುತ್ತಿರುವ ಸಭಿಕರೇ,

ನಾನು ಬಸ್ ಡ್ರೈವರ್ ಆಗಿದ್ದವನು. ಕ್ಲಚ್ ತುಳಿದು ತುಳಿದು ಎಡಮಂಡಿ ಸವೆಯಿತು ಎಂದು ಹೇಳಿಕೊಂಡು ತಿರುಗುತ್ತೇನೆ. ಹಾಗೆಂದಾಗಲೆಲ್ಲ ಡಾಕ್ಟರು ನನ್ನ ಹೊಟ್ಟೆಯ ಕಡೆ ನೋಡುತ್ತಾರೆ. ಏನೇ ಇರಲಿ, ನನ್ನ ಮಂಡಿಯದು ಮುಚ್ಚುಮರೆಯಿಲ್ಲದ ಸ್ವಭಾವ. ಊದಿಕೊಳ್ಳುತ್ತದೆ, ಕಟಕಟ ಎನ್ನುತ್ತದೆ, ನೋವು ಎಲ್ಲಿದೆಯೋ ಅಲ್ಲೇ ಬೆರಳಿಟ್ಟು ತೋರಿಸಬಹುದು.

ನನ್ನ ಹೆಂಡತಿಯದು ಹಾಗಲ್ಲ. ದಿನಾ ಸಂಜೆ ನನ್ನ ಜೊತೆ ಪಾರ್ಕಿಗೆ ಬರುತ್ತಿದ್ದವಳು ಬರುವುದನ್ನೇ ನಿಲ್ಲಿಸಿದಳು. "ನಂಗೂ ಮಂಡಿ ನೋವು ರೀ" ಎಂದಳು.

"ನನ್ನ ಮಂಡಿಗೆ ಆಗೋ ಉಪಚಾರ ನೋಡಿ ಹೊಟ್ಟೆಕಿಚ್ಚು ಬಂತಾ?" ಎಂದು ನಕ್ಕೆ. ಆದರೂ ನನ್ನ ಮಂಡಿಪಟ್ಟಿಯನ್ನೇ ಕೊಟ್ಟೆ, ಎಣ್ಣೆ ತಿಕ್ಕಿದೆ. ಅವಳ ಮಂಡಿಯಲ್ಲಿ ಊತವಿಲ್ಲ, ಸದ್ದಿಲ್ಲ. ಇದೆಂಥ ನೋವು? ನನ್ನ ಜೊತೆ ನಡೆಯುವುದೇ ಬೇಸರವಾಯಿತೇ? ಕೇಳಲು ಧೈರ್ಯ ಬರಲಿಲ್ಲ. ಪಾರ್ಕಿನಲ್ಲಿ ಯಾರಾದರೂ ವಿಚಾರಿಸಿದರೆ "ಮನೇಲಿ ಕೆಲಸ ಅವಳಿಗೆ" ಎನ್ನುತ್ತಿದ್ದೆ. ಬೆಂಚಿನ ಮೇಲೆ ಅವಳ ಜಾಗದಲ್ಲಿ ಬೇರೆಯವರು ಕೂರದಂತೆ ಛತ್ರಿ ಇಡುತ್ತಿದ್ದೆ... ಇದೆಲ್ಲ ಈಗ ಯಾಕೆ? ಡಾಕ್ಟರ ವಿಷಯಕ್ಕೆ ಬರೋಣ.

ಒಂದು ದಿನ ಶೂ ಹಾಕಿಕೊಳ್ಳಲು ಬಗ್ಗಿದವಳು ಗೋಡೆ ಹಿಡಿದು ನಿಂತುಬಿಟ್ಟಳು. ಕಣ್ಣಲ್ಲಿ ನೀರು. ನನ್ನ ನಗು ಅಲ್ಲೇ ಇಂಗಿತು. ಸೀದಾ ಇವರ ಬಳಿ ಕರೆದೊಯ್ದೆ.

ಡಾಕ್ಟರು ಅವಳನ್ನು ಮಲಗಿಸಿ ಮಂಡಿ ಒತ್ತಿದರು, ಅಲುಗಾಡಿಸಿದರು. ಸುಮ್ಮನಿದ್ದಳು. ತೊಡೆಯನ್ನು ಒಳಕ್ಕೆ ತಿರುಗಿಸಿದರು ನೋಡಿ, ಅವಳು ಕಿರುಚಿದ್ದು ಹೊರಗೆ ಕಾಯುತ್ತಿದ್ದವರಿಗೂ ಕೇಳಿತು.

"ಮಂಡಿ ಪಾಪ, ಏನೂ ತಪ್ಪು ಮಾಡಿಲ್ಲಮ್ಮ. ಸವೆದಿರೋದು ಸೊಂಟದ ಕೀಲು. ಅದರ ನೋವು ತೊಡೆಸಂದಿನಿಂದ ಇಳಿದು ಮಂಡೀಲಿ ಬಂದು ಕೂರುತ್ತೆ."

"ಹಾಗಾದ್ರೆ ಇವರು ದಿನಾ ಎಣ್ಣೆ ತಿಕ್ಕಿದ್ದು?"

"ಮಂಡಿಗೆ ಒಳ್ಳೇ ಹೊಳಪು ಬಂದಿದೆ" ಎಂದರು ಡಾಕ್ಟರು.

ಮುಂದೆ ಎಕ್ಸ್‌ರೇ ಆಯಿತು, ಆಪರೇಷನ್ ಆಯಿತು, ಸೊಂಟಕ್ಕೆ ಹೊಸ ಕೀಲು ಬಂತು. ಮೊದಲು ಕೋಲು ಹಿಡಿದು ನಡೆದಳು, ಆಮೇಲೆ ಕೋಲು ಬಿಟ್ಟಳು. ಈಗ ಪಾರ್ಕಿನಲ್ಲಿ ಅವಳು ಮುಂದೆ, ನಾನು ಹಿಂದೆ. "ಬಸ್ಸು ಓಡಿಸಿದೋರು ಹೀಗಾ ನಡೆಯೋದು?" ಎಂದು ತಿರುಗಿ ನೋಡುತ್ತಾಳೆ. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಈ ವೇದಿಕೆಯಿಂದ ಇಳಿಯಬೇಕು. ಮಂಡಿ ಸವೆದವನಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಆದರೂ ಕಾರ್ಯಕರ್ತರು ದಯವಿಟ್ಟು ನನ್ನ ಕೈ ಹಿಡಿಯಲು ಬರಬೇಡಿ. ಮೊದಲ ಸಾಲಿನಿಂದ ಅವಳು ಆಗಲೇ ಎದ್ದಾಗಿದೆ.

ಡಾಕ್ಟರೇ, ಅವಳು ಹೀಗೆ ಎದ್ದು ಬರುವಂತೆ ಮಾಡಿದ ನಿಮಗೆ ವಂದನೆಗಳು. ಎಲ್ಲರಿಗೂ ನಮಸ್ಕಾರ.