ಟಕ್ ಅಂತು, ಧಡ್ ಅನ್ನಲಿಲ್ಲ

ನಗೋರು ನಗಿ. ನೀವು ನಂಬದಿದ್ರೆ ನನ್ನ ಗಂಟೇನೂ ಹೋಗಲ್ಲ. ಇದು ನಮ್ಮ ಚಿಕ್ಕಮ್ಮನ ಮಗ ಇಲ್ಪೊಗೆ ಆದದ್ದು. ಎಂಬತ್ತಾರನೇ ಇಸವಿ ಜನವರಿ, ಕೊರ್ಪಿಯೋಯ ಅನ್ನೋ ಊರಿನ ಕರೆಂಟ್ ಸಬ್‌ಸ್ಟೇಷನ್‌ನಿಂದ ಮನೆಗೆ ನಡೆದು ಬರ್ತಿದ್ದಾಗ, ಹಿಲ್ಕಳ ಬಾವಿ ಹತ್ತಿರ. ಇಲ್ಪೊ ಕುಡುಕ ಅಲ್ಲ. ಸುಳ್ಳು ಹೇಳೋಕೆ ಬೇಕಾಗೋವಷ್ಟು ಮಾತೂ ಅವನ ಬಾಯಲ್ಲಿಲ್ಲ.

ಆಗ ಸಂಜೆ ನಾಲ್ಕು ದಾಟಿ ಹತ್ತು ನಿಮಿಷ. ಭೂಮಿಯ ಉತ್ತರ ತುದೀಲಿರೋ ನಮ್ಮ ಕಡೆ ಜನವರೀಲಿ ನಾಲ್ಕು ಗಂಟೆ ಅಂದ್ರೆ ಕಗ್ಗತ್ತಲೆ. ಎರಡು ದಿನದಿಂದ ಒದ್ದೆ ಹಿಮ ಬಿದ್ದು ಬರ್ಚ್ ಮರಗಳೆಲ್ಲ ಸೊಂಟ ಬಗ್ಗಿಸಿ ನಿಂತಿದ್ವು. ಎಲ್ಲೋ ಒಂದು ಕೊಂಬೆ ಭಾರ ತಾಳದೆ ಧೊಪ್... ಅಂತ ಹಿಮ ಕೊಡವಿಕೊಳ್ಳೋದು. ಮತ್ತೆ ಏನೂ ಇಲ್ಲ. ಅವನ ಬೂಟಿನ ಕರಕ್ ಕರಕ್ ಸದ್ದು ಬಿಟ್ರೆ ಏನಂದ್ರೆ ಏನೂ ಇಲ್ಲ.

ಯಾವತ್ತೂ ಕಾರಲ್ಲಿ ಓಡಾಡೋನು. ಅವತ್ತು ಬೆಳಿಗ್ಗೆ ಕೀಲಿ ಎಷ್ಟು ತಿರುಗಿಸಿದ್ರೂ ಅವನ ಲಾಡಾ ಸ್ಟಾರ್ಟ್ ಆಗಲಿಲ್ಲ. ಕಂಪನಿ ವ್ಯಾನಿನವನು ಸ್ಟೇಷನ್ ಬಾಗಿಲಿಗೆ ಇಳಿಸಿ, ಇನ್ನೆಲ್ಲೋ ಮರ ಬಿದ್ದಿದೆ ಅಂತ ಹೊರಟುಹೋದ. ಕೆಲಸ ಮುಗಿಸಿದ ಇಲ್ಪೊ, ಕಾದು ಕೂರೋದ್ಯಾಕೆ, ನಾಲ್ಕು ಕಿಲೋಮೀಟರ್ ತಾನೇ ಅಂತ ಹೆಜ್ಜೆ ಹಾಕಿದ.

ಅವನ ಕೆಲಸ ಏನು ಅಂತ ಹೇಳ್ಬಿಡ್ತೀನಿ, ಇಲ್ಲದಿದ್ರೆ ಭಯ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗಲ್ಲ. ಅವನು ರಿಲೇ ಇಂಜಿನಿಯರ್. ರಿಲೇ ಅಂದ್ರೆ ಕರೆಂಟ್ ತಂತಿಯ ಕಾವಲುಗಾರ. ತಂತಿ ಹರಿದು ನೆಲಕ್ಕೆ ಬಿದ್ರೆ ಅದಕ್ಕೆ ತಕ್ಷಣ ಗೊತ್ತಾಗುತ್ತೆ. ಗಾಜಿನ ಪೆಟ್ಟಿಗೆಯೊಳಗೆ ಟಕ್... ಅನ್ನುತ್ತೆ. ಉಗುರಲ್ಲಿ ಲೋಟ ತಟ್ಟಿದಷ್ಟು ಸದ್ದು. ಆ ಟಕ್ ಹಿಂದೆಯೇ ಆಚೆ ಕೋಣೇಲಿ ಬ್ರೇಕರ್ ಧಡ್... ಅಂತ ಕರೆಂಟ್ ಕಡಿಯುತ್ತೆ. ಕೊಟ್ಟಿಗೆ ಬಾಗಿಲು ಗಾಳಿಗೆ ಬಡಿದ ಹಾಗೆ. ಟಕ್, ಧಡ್. ಎರಡೂ ಆದ್ರೆ ಜೀವ ಉಳೀತು ಅಂತ ಅರ್ಥ.

ರಿಲೇ ಸರಿಯಿದೆಯಾ ಅಂತ ಪರೀಕ್ಷೆ ಮಾಡುವಾಗ ಪ್ರತಿ ಸಲ ಧಡ್ ಅನ್ನಿಸಿದ್ರೆ ಊರಿಗೆಲ್ಲ ಕತ್ತಲೆ. ಅದಕ್ಕೆ ರಿಲೇಗೂ ಬ್ರೇಕರಿಗೂ ನಡುವೆ ಇರೋ ಒಂದು ಹಿತ್ತಾಳೆ ಕೊಂಡಿಯನ್ನ ತೆಗೆದಿಡ್ತಾರೆ. ಆಗ ಟಕ್ ಅನ್ನುತ್ತೆ, ಧಡ್ ಅನ್ನಲ್ಲ. ಕೆಲಸ ಮುಗಿದ ಮೇಲೆ ಕೊಂಡಿಯನ್ನ ಮತ್ತೆ ಅದರ ಜಾಗಕ್ಕೆ ತಳ್ಳಬೇಕು. ಮರೆತ್ರೆ... ಕಾವಲುಗಾರ ಕೂಗ್ತಾನೇ ಇರ್ತಾನೆ, ಬಾಗಿಲು ಹಾಕೋರು ಇಲ್ಲ.

ಇಲ್ಪೊಗೆ ಕೆಲಸ ಕಲಿಸಿದೋನು ತೌನೊ ಅಂತ ಮುದುಕ ಮೇಲಧಿಕಾರಿ. ಅವನದ್ದೊಂದು ಕಟ್ಟುನಿಟ್ಟು. ಕೊಂಡಿ ತೆಗೆದ ಜಾಗದಲ್ಲಿ ನಿನ್ನ ಕಾರಿನ ಕೀಲಿ ನೇತುಹಾಕು. ಕೀಲಿ ಇಲ್ಲದೆ ಮನೆಗೆ ಹೋಗೋಕಾಗಲ್ಲ, ಕೀಲಿ ತೆಗೆಯೋಕೆ ಹೋದ್ರೆ ಕೊಂಡಿ ನೆನಪಾಗುತ್ತೆ. ಹುಡುಗರು ಹಿಂದಿನಿಂದ ಅವನನ್ನ ಕೀಲಿ ಅಜ್ಜ ಅಂತ ಹಂಗಿಸೋರು. ಎದುರಿಗೆ ಯಾರೂ ನಗ್ತಿರಲಿಲ್ಲ. ಯಾಕೆ ಅಂತ ಊರಲ್ಲಿ ಅರ್ಧಂಬರ್ಧ ಎಲ್ಲರಿಗೂ ಗೊತ್ತಿತ್ತು. ಐವತ್ತೆಂಟನೇ ಇಸವೀಲಿ ತೌನೊ ಇನ್ನೂ ಹೊಸಬ. ಪರೀಕ್ಷೆ ಮುಗಿಸಿ, ಕೊಂಡಿ ತಳ್ಳದೇ ಹೊರಟುಹೋಗಿದ್ದ. ಅದೇ ಸಂಜೆ ಹಿಲ್ಕ ಅನ್ನೋ ಹೆಂಗಸು ಎರಡು ಬಕೆಟ್ ಹಿಡಿದು ನೀರಿಗೆ ಬಂದವಳು ಬಿದ್ದಿದ್ದ ತಂತಿ ಮುಟ್ಟಿದಳು. ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ. ಆಮೇಲೆ ಆ ಮನೇಲಿ ಯಾರೂ ಇರಲಿಲ್ಲ, ಬಾವಿ ಬಾಯಿಗೂ ಹಲಗೆ ಹೊಡೆದುಬಿಟ್ರು.

ಆ ಬಾವಿ ಹತ್ತಿರ ಬಂದಾಗ ಇಲ್ಪೊಗೆ ಮೊದಲು ಕೇಳಿಸಿದ್ದು ಬಕೆಟ್ ಹಿಡಿಕೆ ಸದ್ದು.

ಕಿರ್ರ್... ಕಿರ್ರ್...

ನಿಂತ. ಬಾವಿ ಪಕ್ಕ ಯಾರೋ ಬೆನ್ನು ತಿರುಗಿಸಿ ನಿಂತಿದ್ರು. ಗಿಡ್ಡ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಮುಂದಿನ ಫಾರ್ಮಿನ ಮುದುಕಿ ಇರಬೇಕು ಅಂದುಕೊಂಡ. ದಾರೀಲಿ ಸಿಕ್ಕೋರನ್ನೆಲ್ಲ ಮಾತಾಡಿಸೋ ಚಟ ನಮ್ಮೋರಿಗಿಲ್ಲ, ತಲೆ ತಗ್ಗಿಸಿ ದಾಟಿಹೋಗೋಣ ಅಂತ ಹೆಜ್ಜೆ ಎತ್ತಿದ. ಅವಳೇ ಕೇಳಿದಳು. ಪಿಸುಮಾತಲ್ಲಿ, ತಿರುಗದೆ.

"ಕಾರ್ ತಂದಿಲ್ವಾ?"

"ಇಲ್ಲ. ಸ್ಟಾರ್ಟ್ ಆಗ್ಲಿಲ್ಲ."

"ಹಾಗಾದ್ರೆ ಕೀಲಿ?"

"ಮನೇಲಿದೆ," ಅಂದ. ಅಂದ ಮೇಲೆ, ಇವಳಿಗ್ಯಾಕೆ ನನ್ನ ಕೀಲಿ ಅಂತ ಅನ್ನಿಸ್ತು.

ಹಿಡಿಕೆ ಮತ್ತೊಂದು ಸಲ ಕಿರ್ರ್ ಅಂತು. ಆಮೇಲೆ ಹಲಗೆ ಹೊಡೆದ ಬಾವಿಯೊಳಗಿಂದ, ಆಳದಿಂದ, ಸ್ಪಷ್ಟವಾಗಿ...

ಟಕ್.

ಇಲ್ಪೊ ಉಸಿರು ಹಿಡಿದು ನಿಂತ. ಹದಿನಾಲ್ಕು ವರ್ಷದಿಂದ ಆ ಸದ್ದು ಕೇಳಿ ಕೇಳಿ ಅವನ ಕಿವಿ ತನ್ನಷ್ಟಕ್ಕೇ ಇನ್ನೊಂದು ಸದ್ದಿಗೆ ಕಾಯ್ತು. ಕಾಯ್ತು... ಬರಲಿಲ್ಲ.

"ನಾನೂ ಕಾದೆ," ಅಂದಳು ಅವಳು. "ಟಕ್ ಅಂತು. ಧಡ್ ಅನ್ನಲಿಲ್ಲ."

ಇಲ್ಪೊಗೆ ಕೀಲಿ ನೇತುಹಾಕೋ ಜಾಗ ಕಣ್ಣಿಗೆ ಕಟ್ಟಿತು. ಬರೀ ಜಾಗ. ಬೆಳಿಗ್ಗೆ ಕೊಂಡಿ ತೆಗೆದಾಗ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ್ದ, ಕೀಲಿ ಸಿಕ್ಕಿರಲಿಲ್ಲ, ಕೆಲಸ ಶುರು ಮಾಡಿದ್ದ. ಸಂಜೆ ತೆಗೆಯೋಕೆ ಕೀಲಿ ಇರಲಿಲ್ಲ. ಹಾಗಾಗಿ ಆ ಮೂಲೆ ಕಡೆ ತಿರುಗಿಯೂ ನೋಡದೆ ಬಾಗಿಲು ಹಾಕಿ ಬಂದಿದ್ದ.

ಆ ಲೈನು ಅವನ ಮನೆ ದಾಟಿ, ಕಾಡು ಸೀಳಿಕೊಂಡು, ಆಚೆ ಊರಿನ ವೃದ್ಧಾಶ್ರಮಕ್ಕೆ ಹೋಗುತ್ತೆ. ವೃದ್ಧಾಶ್ರಮದಲ್ಲಿ ಅವನ ಹೆಂಡತಿ ರೈಲಿ ನರ್ಸು. ಚಳಿಗಾಲದಲ್ಲಿ ದಿನಾ ಸ್ಕೀ ಹಾಕಿಕೊಂಡೇ ಬರೋದು. ಐದು ಕಿಲೋಮೀಟರ್, ಅದೇ ತಂತಿಯ ಕೆಳಗೆ, ಮರ ಕಡಿದು ಮಾಡಿದ ಆ ಜಾಡಿನಲ್ಲಿ. ಮೂರೂವರೆಗೆ ಹೊರಡ್ತಾಳೆ. ಈಗ ನಡುದಾರೀಲಿ ಇರ್ತಾಳೆ.

ಮನೆ ಕಡೆ ಓಡಲಾ, ಸ್ಟೇಷನ್ ಕಡೆ ಓಡಲಾ? ಮನೆ ಎರಡು ಕಿಲೋಮೀಟರ್, ಅಲ್ಲಿಂದಾಚೆ ಅವಳೆಲ್ಲಿದ್ದಾಳೋ. ಸ್ಟೇಷನ್ನೂ ಎರಡೇ ಕಿಲೋಮೀಟರ್. ಅಲ್ಲಿಗೆ ಅಂದ್ರೆ ರೈಲಿಗೆ ಬೆನ್ನು ಹಾಕಿ ಓಡಬೇಕು. ಆದರೂ ತಿರುಗಿದ, ಸ್ಟೇಷನ್ ಕಡೆಗೇ. ತಿರುಗುವಾಗ ಬಾವಿ ಕಡೆ ನೋಡಿದ... ಯಾರೂ ಇರಲಿಲ್ಲ. ಹಲಗೆ ಮೇಲೆ ಮೊಣಕಾಲೆತ್ತರ ಹಿಮ, ಒಂದು ಬೆರಳಿನ ಗುರುತೂ ಇಲ್ಲ.

ಎಷ್ಟು ಸಲ ಬಿದ್ದನೋ ಲೆಕ್ಕ ಇಲ್ಲ. ಬಾಗಿಲು ತೆಗೆದಾಗ ಗೋಡೆ ಗಡಿಯಾರ ನಾಲ್ಕೂವರೆ ತೋರಿಸ್ತಿತ್ತು. ಬ್ಯಾಟರಿ ಬೆಳಕು ರಿಲೇ ಮೇಲೆ ಬಿಟ್ಟ. ಗಾಜಿನ ಹಿಂದೆ, ತಂತಿ ಹರಿದಿದೆ ಅನ್ನೋ ಕೆಂಪು ನಿಶಾನೆ ಬಿದ್ದಿತ್ತು. ಒಳಗೆ ಅದು ಸಣ್ಣಗೆ ಜ್‌ಜ್‌ಜ್... ಅಂತಿತ್ತು. ಕೂಗ್ತಾ ಇತ್ತು ಅನ್ನಿ, ಎಷ್ಟು ಹೊತ್ತಿನಿಂದಲೋ. ಕೊಂಡಿ ಅಲ್ಲೇ ಮೇಜಿನ ಮೇಲೆ, ಅವನು ಕಾಫಿ ಕುಡಿದಿಟ್ಟ ಲೋಟದ ಪಕ್ಕ.

ಕೊಂಡಿ ಎರಡು ಸಲ ತಪ್ಪಿತು. ಮೂರನೇ ಸಲ ಒಳಗೆ ಕೂತಿತು. ಕೂತ ಕ್ಷಣವೇ...

ಧಡ್.

ಕಟ್ಟಡ ಅದುರಿತು. ಇಲ್ಪೊಗೆ ಸಮಾಧಾನ ಆಗಲಿಲ್ಲ. ಆ ಕ್ಷಣದ ತನಕ ಹಿಮದ ಮೇಲೆ ಇಪ್ಪತ್ತು ಸಾವಿರ ವೋಲ್ಟ್ ಬಿದ್ದುಕೊಂಡಿತ್ತು ಅನ್ನೋದು ಈಗ ಖಾತ್ರಿ ಆಯ್ತು, ಅಷ್ಟೇ.

ಗೋಡೆಯ ಫೋನ್ ಎತ್ತಿ ವೃದ್ಧಾಶ್ರಮಕ್ಕೆ ಮಾಡಿದ. ನಾಲ್ಕು ಗಂಟೆಯಿಂದ ದೀಪ ಮಂಕಾಗಿತ್ತು, ಈಗ ಪೂರ್ತಿ ಹೋಯ್ತು ಅಂತ ಆ ಕಡೆಯೋಳು ದೂರು ಶುರುಮಾಡಿದಳು. ರೈಲಿ ಎಲ್ಲಿ ಅಂದ. ಮೂರೂವರೆಗೇ ಹೊರಟಳಲ್ಲ ಅಂದಳು. ಮನೆಗೆ ಮಾಡಿದ. ರಿಂಗ್ ಆಯ್ತು... ಆಯ್ತು... ಆಗ್ತಾನೇ ಇತ್ತು. ಯಾರೂ ಎತ್ತಲಿಲ್ಲ.

ಆ ನಾಲ್ಕು ಕಿಲೋಮೀಟರ್ ಹೇಗೆ ಬಂದೆ ಅಂತ ಅವನಿಗೆ ಇವತ್ತಿಗೂ ನೆನಪಿಲ್ಲ. ಬಾವಿ ದಾಟುವಾಗ ಕಣ್ಣು ಮುಚ್ಚಿಕೊಂಡಿದ್ದೆ ಅನ್ನೋದು ಮಾತ್ರ ಗೊತ್ತಂತೆ. ಮನೆ ಅಂಗಳಕ್ಕೆ ಬಂದರೆ ಅಡುಗೆಮನೆ ಕಿಟಕೀಲಿ ಮೇಣದಬತ್ತಿ. ರೈಲಿ ಒಲೆ ಹೊತ್ತಿಸ್ತಾ ಕೂತಿದ್ದಳು. ತಲೆಯೆತ್ತಿ, "ಬಂದ್ಯಾ ಮಹಾರಾಯ? ಕರೆಂಟ್ ಇಂಜಿನಿಯರ್ ಮನೇಲೇ ಕತ್ತಲೆ. ಫೋನ್ ಬೇರೆ ಬಡ್ಕೊಳ್ತಿತ್ತು, ನಾನು ಸೌದೆ ತರೋಕೆ ಹೋಗಿದ್ದೆ," ಅಂದಳು.

ಇಲ್ಪೊ ಹೊಸ್ತಿಲ ಮೇಲೇ ಕೂತು ಅತ್ತ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನ ರೈಲಿ ಆವರೆಗೆ ನೋಡೇ ಇರಲಿಲ್ಲ. ಆಮೇಲೆ ಕೇಳಿದ, ದೀಪ ಹೋದಾಗ ಎಲ್ಲಿದ್ದೆ ಅಂತ. ಇಲ್ಲೇ, ಬೂಟು ಬಿಚ್ತಾ ಇದ್ದೆ ಅಂದಳು. ಹಾಗಾದ್ರೆ ಅವಳು ತಂತಿ ದಾಟಿದ್ದು ಅದರಲ್ಲಿ ಕರೆಂಟ್ ಇದ್ದಾಗಲೇ.

"ದಾರೀಲಿ ತಂತಿ ಕಾಣ್ಲಿಲ್ವಾ?"

"ಯಾವ ತಂತಿ? ಬರ್ಚ್ ಬಗ್ಗಿದ್ದ ಕಡೆ ಜಾಡಿಗೆ ಅಡ್ಡ ಏನೋ ಇತ್ತು. ಹಿಮದ ದಿಬ್ಬ ಅಂದ್ಕೊಂಡೆ. ಹತ್ತಿ ದಾಟಿದೆ." ಒಲೆಗೆ ಒಂದು ಸೌದೆ ತುಂಡು ಹಾಕಿ ಅಂದಳು, "ಮೆತ್ತಗಿತ್ತು."

ಬೆಳಿಗ್ಗೆ ಬೆಳಕಾದ ಮೇಲೆ ಇಲ್ಪೊ ಮತ್ತು ತೌನೊ ಇಬ್ಬರೇ ಆ ಜಾಗಕ್ಕೆ ಹೋದ್ರು. ರಾತ್ರಿ ಹಿಮ ಬಿದ್ದಿರಲಿಲ್ಲ. ಬಾವಿ ಹತ್ತಿರ ಆದದ್ದನ್ನ ಇಲ್ಪೊ ದಾರೀಲಿ ಹೇಳಿದ. ಜಾಡಿನಲ್ಲಿ ತಂತಿ ಅಡ್ಡಡ್ಡ ಬಿದ್ದಿತ್ತು. ಅದು ತಾಗಿದ ಉದ್ದಕ್ಕೂ ಹಿಮ ಕರಗಿ ಕೆಳಗಿನ ಕರೀ ಪಾಚಿ ಕಾಣ್ತಿತ್ತು, ಪಾಚೀನೂ ಸುಟ್ಟಿತ್ತು.

ಒಂದು ಕಡೆ ಬಿಟ್ಟು.

ಸ್ಕೀ ಮರದ್ದು, ಅದಕ್ಕೇ ಬದುಕಿದಳು ಅಂತ ಹೇಳೋ ಬುದ್ಧಿವಂತರಿದ್ದಾರೆ. ಹೇಳ್ಲಿ. ಒದ್ದೆ ಹಿಮ, ಎರಡೂ ಕೈಯಲ್ಲಿ ಅಲ್ಯೂಮಿನಿಯಂ ಕೋಲು, ಯಾವ ಮರ ಕಾಪಾಡುತ್ತೆ? ಇರಲಿ. ಸ್ಕೀ ಹಿಮ ಕರಗದಂತೆ ತಡೆಯಲ್ಲ ತಾನೇ? ತೌನೊ ಜೇಬಿನಿಂದ ಉಕ್ಕಿನ ಟೇಪು ತೆಗೆದು ಕರಗದೆ ಉಳಿದ ಹಿಮದ ತುಂಡನ್ನ ಅಳೆದ. ಒಂದು ಮೀಟರ್ ಐವತ್ತೊಂದು ಸೆಂಟಿಮೀಟರ್. ಅಳೆದು, ಆ ಚಳೀಲಿ ಟೋಪಿ ತೆಗೆದ. ಆಮೇಲೆ, "ಹಿಲ್ಕ ಗಿಡ್ಡಕ್ಕಿದ್ದಳು," ಅಂದ. ಅಷ್ಟೇ. ಮಾರನೇ ವಾರ ಕೆಲಸ ಬಿಟ್ಟ.

ರೈಲಿ ಇನ್ನೂ ಇದ್ದಾಳೆ, ಬೇಕಿದ್ರೆ ಹೋಗಿ ಕೇಳಿ. ಬಾಗಿಲು ತೆಗೀತಾಳೆ, ಕಾಫಿ ಕೊಡ್ತಾಳೆ, ಈ ವಿಷಯ ಮಾತ್ರ ಎತ್ತೋಕೆ ಬಿಡಲ್ಲ. ಇಲ್ಪೊ ನನಗೆ ಹೇಳಿದ್ದನ್ನೇ ನಿಮಗೆ ಹೇಳಿದ್ದೀನಿ, ಒಂದಕ್ಷರ ಸೇರಿಸಿಲ್ಲ. ಸುತ್ತ ಎಲ್ಲ ಕಡೆ ಸುಟ್ಟ ಪಾಚಿ. ನಡುವೆ ಒಂದಾಳುದ್ದ ಬಿಳೀ ಹಿಮ, ಯಾರೋ ಮಲಗಿ ಎದ್ದ ಹಾಗೆ ಅದುಮಿಕೊಂಡಿತ್ತು. ಅದರ ಮೇಲೆ ಅಡ್ಡವಾಗಿ, ರೈಲಿಯ ಸ್ಕೀಯ ಎರಡು ಗೆರೆ.